ಸಯನ್ ಖಾಡಿಯ ಹೆಪ್ಪು

ಪೂವಪ್ಪನಿಗೆ ಬರುತ್ತಿದ್ದದ್ದು ಇಂಗ್ಲಿಷಿನ ನಾಲ್ಕೇ ಅಕ್ಷರ: ಎ, ಸಿ, ಜಿ, ಟಿ. ಆ ನಾಲ್ಕನ್ನು ಮಾತ್ರ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ.

ಉಡುಪಿ ಕಡೆಯವನು. ಹನ್ನೆರಡು ವರ್ಷ ಸಯನ್ನಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಆಮೇಲೆ ಒಂದು ಲ್ಯಾಬಿನಲ್ಲಿ ಗಾಜಿನ ನಳಿಕೆ ತೊಳೆಯಲು ಸೇರಿದ. ಅಲ್ಲಿನ ಸುಮಿತ್ರಾ ಮೇಡಂ ಮೈಸೂರಿನವರು. ಸಯನ್ ಖಾಡಿಯ, ಅಂದರೆ ಸಮುದ್ರ ಒಳಚಾಚಿದ ಹಿನ್ನೀರಿನ, ಉಪ್ಪು ಕೆಸರಿನಿಂದ ಅವರು ಒಂದು ಬ್ಯಾಕ್ಟೀರಿಯಾ ಹಿಡಿದಿದ್ದರು. ಕಣ್ಣಿಗೆ ಕಾಣದ ಜೀವ. ಬೆಳೆದು ಗುಂಪುಗೂಡಿದಾಗ ನೀರು ಗುಲಾಬಿಯಾಗುತ್ತಿತ್ತು. ಅದನ್ನು ಸಾಕಿದವನು ಪೂವಪ್ಪ. ಹದಿನೈದು ದಿನಕ್ಕೊಮ್ಮೆ ಹಳೆಯ ನಳಿಕೆಯ ಒಂದು ಹನಿಯನ್ನು ಅದರ ಆಹಾರವಾದ ಹೊಸ ಸಾರಿಗೆ ಬಿಡಬೇಕು, ಥೇಟ್ ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಎಂಟು ವರ್ಷ ಹಾಕಿದ.

"ಹೊಸದು ಬೆಳೆಯೋ ತನಕ ಹಳೇದನ್ನ ತೊಳೀಬೇಡಿ ಪೂವಪ್ಪ," ಎಂದು ಮೇಡಂ ಹೇಳಿಯೇ ಇದ್ದರು. ಅವನು ಹೂಂಗುಟ್ಟುತ್ತಿದ್ದ. ಆದರೆ ಹೋಟೆಲಿನಲ್ಲಿ ಪಳಗಿದ ಕೈ. ಹೆಪ್ಪು ಹಾಕಿದ ಮೇಲೆ ಹಳೆಯ ಪಾತ್ರೆ ಸಂಜೆಯೊಳಗೆ ತೊಳೆದಿಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಪ್ರತಿ ಸಲ ತೊಳೆದ. ಪ್ರತಿ ಸಲ ಹೊಸದು ಬೆಳೆಯಿತು. ಮೇಡಂಗೆ ಗೊತ್ತಾಗಲೇ ಇಲ್ಲ.

ಇಂಥ ಜೀವದ ಕುಲ ಬಣ್ಣ ನೋಡಿ ಹೇಳಲಾಗದಂತೆ. ಅದರ ಜೀನಿನೊಳಗಿನ ಅಕ್ಷರ ಓದಬೇಕು. ಎಕ್ಸ್‌ರೇ ಫಿಲ್ಮಿನ ಮೇಲೆ ನಾಲ್ಕು ಸಾಲು ಕಪ್ಪು ಗೆರೆ, ಒಂದೊಂದು ಅಕ್ಷರಕ್ಕೆ ಒಂದೊಂದು ಸಾಲು. ಮೇಡಂ ಬೆಳಕಿಗೆ ಹಿಡಿದು ಓದುತ್ತಿದ್ದರು, ಪೂವಪ್ಪ ಬರೆಯುತ್ತಿದ್ದ. ತೊಂಬತ್ತೆರಡರ ನವೆಂಬರಿನಲ್ಲಿ ಓದಿ ಮುಗಿಯಿತು. ಗೊತ್ತಿದ್ದ ಯಾವ ಬ್ಯಾಕ್ಟೀರಿಯಾಕ್ಕೂ ಅದು ಹೊಂದಲಿಲ್ಲ.

"ಹೊಸ ಜಾತಿ ಪೂವಪ್ಪ! ಹೆಸರು ನಾವೇ ಇಡಬೇಕು. ನಿಮ್ಮದೇ ಇಡ್ಲಾ?"

"ನನ್ನದು ಬೇಡ ಮೇಡಂ, ನನ್ನ ಹೆಂಡ್ತಿ ವಿನೋದಿನಿ ಬೈತಾಳೆ. ಮಕ್ಕಳಿಗೆ ಊಟ ಆಯ್ತಾ ಕೇಳುದಿಲ್ಲ, ಆ ಕೆಸರಿಗೆ ಬಡಿಸ್ಲಿಕ್ಕೆ ಭಾನುವಾರನೂ ಓಡ್ತೀರಿ ಅಂತ ಈಗಲೇ ಹೇಳ್ತಾಳೆ. ಸಯನ್ನಿನ ಹೆಸರಿಡಿ."

ಹೆಸರು ನಿಲ್ಲಬೇಕಾದರೆ ಜೀವಂತ ಬ್ಯಾಕ್ಟೀರಿಯಾವನ್ನು ಹೊರದೇಶದ ಸಂಗ್ರಹಕ್ಕೆ ಕಳಿಸಬೇಕಿತ್ತು. ಅದೊಂದೇ ಬಾಕಿ.

ಡಿಸೆಂಬರಿನಲ್ಲಿ ಗಲಭೆಯೆದ್ದು ನಗರಕ್ಕೆ ಬೆಂಕಿ ಬಿತ್ತು. "ಲೋಕಲ್ ರೈಲು ಬಂದ್ ಆಗ್ತದಂತೆ, ಓಡಿ!" ಎಂದು ಕಾವಲುಗಾರ ಕೂಗಿದ. ಅಂದೇ ಹೆಪ್ಪಿನ ದಿನ. ಪೂವಪ್ಪ ದೂರದ ದಹಿಸರ್ ಮುಟ್ಟಬೇಕು, ಮನೆಯಲ್ಲಿ ಹೆಂಡತಿ ಮಕ್ಕಳು. ಹೊರದೇಶಕ್ಕೆ ಕಳಿಸಲೆಂದು ಈ ಸಲ ನಳಿಕೆಗಳ ಬದಲು ದೊಡ್ಡ ಸೀಸೆಯಲ್ಲಿ ಸಾರು ಕುದಿಸಿದ್ದ. ಸೀಸೆಯ ಕುತ್ತಿಗೆ ಮುಟ್ಟಿದ, ತಣ್ಣಗಿತ್ತು. ಸಾರಿದ್ದ ಹೊಟ್ಟೆಯ ಭಾಗ ಮುಟ್ಟಲಿಲ್ಲ. ಹನಿ ಬಿಟ್ಟ. ಆ ಅವಸರದಲ್ಲೂ ಕೈ ತನ್ನ ಅಭ್ಯಾಸ ಬಿಡಲಿಲ್ಲ: ಹಳೆಯ ನಳಿಕೆಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿ, ತೊಳೆದು, ಬೋರಲು ಇಟ್ಟು ಹೋದ.

ಹತ್ತು ದಿನ ಕಳೆದು ಬಂದರೆ ಸೀಸೆಯ ಸಾರು ತಿಳಿಯಾಗಿಯೇ ಇತ್ತು. ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲವೆಂದು ಎಳೆ ಹುಡುಗಿಗೂ ಗೊತ್ತು.

"ಹಳೇದು ಎಲ್ಲಿ?"

"ತೊಳ್ದೆ ಮೇಡಂ."

"ಒಂದೂ ಉಳಿಸಿಲ್ವಾ?"

ಉಳಿಸಿರಲಿಲ್ಲ. ಡೀಪ್ ಫ್ರೀಜರ್ ಕೆಟ್ಟು ಎರಡು ವರ್ಷವಾಗಿತ್ತು. ಬೇರೆಲ್ಲೂ ಒಂದು ಹನಿಯಿರಲಿಲ್ಲ. ಮೇಡಂ ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಖಾಲಿ ನಳಿಕೆಗಳನ್ನೇ ನೋಡಿದರು. ಬೈದಿದ್ದರೆ ಬದುಕುತ್ತಿದ್ದೆ ಎಂದು ಅವನು ವಿನೋದಿನಿಯ ಹತ್ತಿರ ಹೇಳಿಕೊಂಡ.

ಆಮೇಲೆ ಪ್ರತಿ ಭಾನುವಾರ ಬಾಟಲಿ ಹಿಡಿದು ಖಾಡಿಗೆ ಹೋದ. ಮೊದಲು ಕೆಸರು ತೆಗೆದ ಜಾಗದ ಮೇಲೆ ಲಾರಿಗಳು ಕಲ್ಲುಮಣ್ಣು ಸುರಿದು ನೆಲ ಮಾಡಿದ್ದವು. ಅಂಚಿನಲ್ಲಿ ಮೊಣಕಾಲು ಮುಳುಗುವಷ್ಟು ಇಳಿದು ತಂದ. ಬಿಳಿ ಬೆಳೆಯಿತು, ಹಳದಿ ಬೆಳೆಯಿತು. ಒಂದೂವರೆ ವರ್ಷಕ್ಕೆ ಒಂದು ನಳಿಕೆ ಗುಲಾಬಿಯಾಯಿತು. ಅಂದು ಅವನು ಊಟ ಮಾಡಲಿಲ್ಲ. ಅದನ್ನು ತೊಳೆಯಲೂ ಇಲ್ಲ.

ಮೇಡಂ ಫಿಲ್ಮನ್ನು ಬೆಳಕಿಗೆ ಹಿಡಿದರು. "ಜಿ, ಎ, ಟಿ, ಟಿ..." ಪೂವಪ್ಪ ಬರೆಯುತ್ತಾ ಹೋದ. ಹಳೆಯ ಪುಟ ಅವನಿಗೆ ಬಾಯಿಪಾಠ. ಎರಡನೆಯ ಸಾಲಿನಲ್ಲಿ ಸಿ ಬರಬೇಕಾದ ಕಡೆ ಮೇಡಂ ಎ ಎಂದರು. ಮುಂದೆ ಇನ್ನೊಂದು ತಪ್ಪಿತು, ಮತ್ತೊಂದು. ಇದು ಅದಲ್ಲ. ಅವನು ಪೆನ್ನು ಕೆಳಗಿಟ್ಟ.

ಮೇಡಂಗೂ ತಿಳಿದಿರಬೇಕು. ಆದರೂ ಫಿಲ್ಮ್ ಇಳಿಸದೆ, ಬರೆಯುವವರಿಲ್ಲದ ಅಕ್ಷರಗಳನ್ನು ಕೊನೆಯ ಗೆರೆಯ ತನಕ ಓದುತ್ತಲೇ ಇದ್ದರು.