ಹಣಮೇಶನ ಎಡಗಡೆಯ ಗೇರು

ಹಳೆಯದೆಂದ ಕೂಡಲೇ ಗುಜರಿಗೆ ಹಾಕಿ ಎನ್ನುವವರನ್ನು ಕಂಡರೆ ಮೆಹನಾಜಳಿಗೆ ಮೈ ಉರಿಯುತ್ತದೆ. ಶಹಾಪುರದ ಹಳೆ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಕಂಪ್ಯೂಟರ್ ರಿಪೇರಿ ಅಂಗಡಿ. ಅದೇ ಜಾಗದಲ್ಲಿ ಅವಳ ತಂದೆ ಫಕೀರಸಾಬರು ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದ್ದರು. ಅವರು ಮಗಳಿಗೆ ಬಿಟ್ಟುಹೋದದ್ದು ಒಂದು ಮರದ ಮೇಜು ಮತ್ತು ಒಂದು ಕಟ್ಟಳೆ: ರಿಪೇರಿ ಆಯಿತೆಂದು ಮಾಡಿದವರು ಹೇಳಕೂಡದು, ಸಾಮಾನಿನ ಮಾಲಕನನ್ನು ಕೂರಿಸಿ, ತಾವು ಕೈಕಟ್ಟಿ ಪಕ್ಕಕ್ಕೆ ನಿಂತು, ಅವನ ಬಾಯಿಂದ ಕೇಳಬೇಕು. ಅವಸರದ ಗಿರಾಕಿಗಳು ಗೊಣಗುತ್ತಾರೆ. ಜಪ್ಪಯ್ಯ ಅಂದರೂ ಮೆಹನಾಜ ಬಿಡುವುದಿಲ್ಲ.

ಹೋದ ವರ್ಷ ಸಗರದ ದೇವಕ್ಕ ಆಟೋದಲ್ಲಿ ಒಂದು ಹಳೆ ಕಂಪ್ಯೂಟರು ತಂದಿಳಿಸಿದಳು. ಅವಳ ಗಂಡ ಹಣಮೇಶ ಹದಿನೆಂಟು ವರ್ಷ ಲಾರಿ ಓಡಿಸಿದವನು. ಹತ್ತಿ ಮಿಲ್ಲಿನಲ್ಲಿ ಲೋಡು ಇಳಿಸುವಾಗ ಬಲಗೈ ಯಂತ್ರಕ್ಕೆ ಸಿಕ್ಕು ಮೂರು ಬೆರಳು ಹೋದವು. ಉಳಿದೆರಡು ಮಡಚುವುದಿಲ್ಲ.

“ಆರು ತಿಂಗಳಾತವ್ವ, ಗ್ವಾಡಿ ನೋಡ್ಕೋತ ಕುಂತಾರ. ಮಾತಂತೂ ಬಿಟ್ಟೇ ಬಿಟ್ಟಾರ,” ಎಂದಳು ದೇವಕ್ಕ. “ಇದರಾಗ ಲಾರಿ ಓಡ್ಸೋ ಆಟ ಹಾಕ್ಲಿಕ್ಕಿ ಬರ್ತದಂತ ನನ್ನ ತಮ್ಮ ಅಂದ. ಯಾದಗಿರ್‍ಯಾಗ ತೋರ್ಸಿದ್ರ, ಹೊಸ ವಿಂಡೋಸ್ ಇದಕ್ಕ ಹತ್ತಂಗಿಲ್ಲ, ಗುಜರಿಗಿ ಹಾಕ್ರಿ ಅಂದ್ರು. ಆ ಮನಷಾಗ ಇದೊಂದರ ಆಗಲೆವ್ವ. ನನಗ ಅವರ್ನ ನೋಡ್ಲಿಕ್ಕಿ ಅಂಜಿಕಿ ಬರ್ತದ.”

“ಹಂಗ ಅಂದವರ್ನೇ ಗುಜರಿಗಿ ಹಾಕಬೇಕು. ಇಟ್ಟು ಹೋಗ್ರಿ ಅಕ್ಕಾ.”

ಹತ್ತು ವರ್ಷದಿಂದ ಇಂಥ ಕಂಪ್ಯೂಟರುಗಳಿಗೆ ಅವಳು ವಿಂಡೋಸಿನ ಬದಲು ಲಿನಕ್ಸ್ ಹಾಕಿ ಜೀವ ಕೊಡುತ್ತ ಬಂದಿದ್ದಾಳೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ; ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಆದರೆ ಆಟ ಎಂದೊಡನೆ ಕೈಚೆಲ್ಲಬೇಕಾಗಿತ್ತು, ಹೆಚ್ಚಿನವೆಲ್ಲ ವಿಂಡೋಸಿಗೆಂದೇ ಮಾಡಿದವು. ಆ ತೊಡಕು ಬಿಡಿಸಿದ್ದು ದೂರದೇಶದ ಒಂದು ಆಟದ ಕಂಪನಿ. ಶೇರು ಬಜಾರಿಗೆ ಹೋಗದ ಖಾಸಗಿ ಕಂಪನಿ. ಮೂರು ತಿಂಗಳಿಗೊಮ್ಮೆ ಯಾರಿಗೂ ಲಾಭ ತೋರಿಸಬೇಕಿಲ್ಲ. ವರ್ಷಗಟ್ಟಲೆ ಜನರನ್ನು ಇಟ್ಟು ವಿಂಡೋಸಿನ ಆಟಗಳು ಲಿನಕ್ಸಿನಲ್ಲಿ ಓಡುವಂತೆ ಮಾಡಿಸಿತು, ಆ ಕೆಲಸದ ಬಹುಪಾಲನ್ನು ಎಲ್ಲರಿಗೂ ತೆರೆದಿಟ್ಟಿತು. ಮೆಹನಾಜ ಅದನ್ನೇನು ದಾನಧರ್ಮ ಎಂದುಕೊಂಡಿಲ್ಲ. ವಿಂಡೋಸನ್ನೇ ನಂಬಿ ಆಟ ಮಾರುವುದೆಂದರೆ ಇನ್ನೊಬ್ಬರ ಜಾಗದಲ್ಲಿ ಅಂಗಡಿ ಇಟ್ಟ ಹಾಗೆ, ಯಾವಾಗ ಎಬ್ಬಿಸಿಯಾರೋ ಎಂಬ ಹೆದರಿಕೆ ಇದ್ದೇ ಇರುತ್ತದೆ; ಅವರು ತಮ್ಮ ದಾರಿ ತಾವು ಹಾಕಿಕೊಂಡರು. ಆದರೂ ಆ ದಾರಿಗೆ ಗೇಟು ಹಾಕಲಿಲ್ಲವಲ್ಲ ಎಂದು ಅವಳಿಗೆ ಅವರ ಮೇಲೆ ಪ್ರೀತಿ. ತಮ್ಮದೇ ಸಾಮಾನು ಕೊಳ್ಳಬೇಕೆಂಬ ಹಟವೂ ಅವರಿಗಿರಲಿಲ್ಲ.

ಹೀಗಾಗಿ ಬೇರೆ ಯಾವುದೋ ಕಂಪನಿಯ ಕಂಪ್ಯೂಟರಿಗೆ ಜೋಡಿಸುವ ಸೆಕೆಂಡ್‌ಹ್ಯಾಂಡ್ ಸ್ಟೇರಿಂಗನ್ನು ಹೈದರಾಬಾದಿನಿಂದ ತರಿಸಿದಳು. ಹೊಲಿಗೆ ಮಷಿನ್ನಿನ ಮೋಟರಿನ ಪೆಡಲುಗಳನ್ನು ಬಿಚ್ಚಿ ಎಕ್ಸಲೇಟರ್, ಬ್ರೇಕು, ಕ್ಲಚ್ಚು ಮಾಡಿದಳು. ಗೇರಿನ ಹಿಡಿಕೆಯನ್ನು ಇಂಟರ್ನೆಟ್ಟಿನ ಚಿತ್ರ ನೋಡಿ ಕೂರಿಸಿದಳು. ಹನ್ನೆರಡು ದಿನದ ಮೇಲೆ ಲಿನಕ್ಸ್ ಮೇಲೆ ಆಟ ಓಡಿತು. ಅವಳ ಸಂತೋಷಕ್ಕೆ ಪಾರವಿರಲಿಲ್ಲ.

ದೇವಕ್ಕ ಗಂಡನನ್ನು ಹೇಗೋ ಒತ್ತಾಯ ಮಾಡಿ ಕರೆತಂದಳು. ಮೆಹನಾಜ ಅವನನ್ನು ಕೂರಿಸಿ ಕೈಕಟ್ಟಿ ನಿಂತಳು. ಪರದೆಯ ಮೇಲೆ ಲಾರಿ ಗುರ್ರೆಂದಿತು. ಹಣಮೇಶನ ಎಡಗೈ ತಾನಾಗಿ ಗೇರಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಗೇರು ಬಲಗಡೆ ಇತ್ತು, ಬೆರಳಿಲ್ಲದ ಕೈಯ ಕಡೆಗೆ.

ಅವನು ಎದ್ದುಬಿಟ್ಟ. “ನಡಿ ಮನಿಗಿ,” ಎಂದ ಹೆಂಡತಿಗೆ.

ಮೆಹನಾಜಳಿಗೆ ನಾಚಿಕೆಯಾಯಿತು. ಚಿತ್ರದಲ್ಲಿದ್ದದ್ದು ಪರದೇಶದ ಲಾರಿ. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಗೇರು ಅವನ ಬಲಕ್ಕೆ. ದಿನಾ ಲಾರಿಗಳ ನಡುವೆ ರಸ್ತೆ ದಾಟುವ ತಾನು ಒಳಗೆ ಒಮ್ಮೆಯಾದರೂ ಇಣುಕಿ ನೋಡಬಾರದಿತ್ತೇ?

“ತಪ್ಪು ನಂದ ಅಣ್ಣಾ,” ಎಂದು ಬಾಗಿಲಿಗೆ ಅಡ್ಡ ನಿಂತಳು. “ನಾ ಲಾರಿ ಹತ್ತಿದಾಕಿ ಅಲ್ಲ. ನಿಮ್ಮ ಗಾಡ್ಯಾಗ ಎಲ್ಲೆಲ್ಲಿ ಏನಿತ್ತು ನೀವೇ ಹೇಳ್ರಿ. ಇದರಾಗ ಯಾವ ಗುಂಡಿ ಎಲ್ಲಿಗಿ ಬೇಕಂದ್ರ ಅಲ್ಲಿಗಿ ಹೋಗ್ತದ.”

ಹಣಮೇಶ ಬಾಗಿಲಿಂದ ಮೇಜಿನ ಕಡೆಗೆ ತಿರುಗಿದ. ಆಮೇಲೆ ಎಡಗೈಯಿಂದ ಗಾಳಿಯಲ್ಲಿ ತೋರಿಸಿದ. “ಗೇರು ಇಲ್ಲಿ. ಎರಡನೇದು ಬಿಗಿ ಇತ್ತು, ತಟಗ ಎತ್ತಿ ಹಾಕಬೇಕು.” ಮೆಹನಾಜ ಸ್ಕ್ರೂ ಬಿಚ್ಚಿದಳು. ಬಲ ಅಂಗೈ ಊರಿದರೆ ಸ್ಟೇರಿಂಗ್ ನಿಲ್ಲುತ್ತದೆ ಎಂದ. ಹಾರ್ನು ಮಣಿಕಟ್ಟಿಗೆ ಸಿಗಬೇಕು ಎಂದ. ಸುರಪುರದ ಇಳಿಜಾರಿನಲ್ಲಿ ಒಮ್ಮೆ ಬ್ರೇಕು ಹೋದದ್ದನ್ನು ಯಾರೂ ಕೇಳದೆಯೇ ಹೇಳಿದ. ದೇವಕ್ಕ ಬಾಗಿಲ ಬಳಿ ಕೂತಿದ್ದಳು. ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ.

ಮತ್ತೆ ಕೂತು ಅವನು ಲಾರಿ ಎಬ್ಬಿಸಿದ. ಸಂಜೆ ನಮಾಜಿನ ಹೊತ್ತಿಗೆ ಪರದೆಯಲ್ಲಿ ಎರಡು ಊರು ದಾಟಿದ್ದ.

ಮೆಹನಾಜ ಕೈಕಟ್ಟಿ ಕೇಳಿದಳು: “ಅಣ್ಣಾ, ರಿಪೇರಿ ಆತೇನ್ರಿ?”

ಹಣಮೇಶ ಕ್ಲಚ್ಚನ್ನು ಒತ್ತಿ ನೋಡಿದ, ಇಲ್ಲವೆಂದು ತಲೆಯಾಡಿಸಿದ.

“ಎಲ್ಲಿ ಆಗ್ಯದ ತಂಗಿ? ಕ್ಲಚ್ ಇನ್ನಾ ಸಡ್ಲ ಅದ. ನಾಳಿ ಬರ್ತೀನಿ.”

ನಾಳೆ ಎಂಬ ಮಾತನ್ನು ಆರು ತಿಂಗಳಲ್ಲಿ ಗಂಡನ ಬಾಯಿಂದ ಕೇಳದ ದೇವಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.