ಉಪವಾಸದ ಬಗ್ಗೆ ಯಾರೂ ಕೇಳಲಿಲ್ಲ

ಮೊದಲು ಗುರುತಿಸಿದವನು ಕೋಥರೂಡದ ನಮ್ಮ ಟೇಲರ್. ಒಂದೇ ವರ್ಷದಲ್ಲಿ ಎರಡು ಸಲ ಡ್ರೆಸ್ಸಿನ ತೋಳು ಹಿಡಿಸಿ, ಹೊಟ್ಟೆಯ ಹತ್ತಿರ ಬಿಡಿಸಿದ್ದೆ. ಡಾಕ್ಟರಿಗೆ ತೋರಿಸಿ ಅಂತ ಮರಾಠಿಯಲ್ಲಿ ಮೆಲ್ಲಗೆ ಹೇಳಿದ.

ತೋರಿಸುತ್ತಲೇ ಇದ್ದೆ. ಫ್ಯಾಟಿ ಲಿವರ್ ಸಿರೋಸಿಸ್‌ಗೆ ತಿರುಗಿ ಎರಡು ವರ್ಷ. ಹೋದಾಗಲೆಲ್ಲ ತೂಕ ಅದೇ ಅರವತ್ತೆರಡು ಕಿಲೋ. ಇಳಿದಿಲ್ಲ, ಒಳ್ಳೆಯದು ಎನ್ನುತ್ತಿದ್ದರು. ಮಾಂಸ ಕರಗಿದಷ್ಟೂ ಹೊಟ್ಟೆಯಲ್ಲಿ ನೀರು ತುಂಬಿದರೆ ತೂಕ ಹೇಗೆ ಇಳಿದೀತು? ನನ್ನ ತೋಳನ್ನು ಒಬ್ಬರೂ ಮುಟ್ಟಿ ನೋಡಲಿಲ್ಲ.

ಒಂದು ಸೋಮವಾರ ಪೂಜೆ ಮುಗಿಸಿ ಮಣೆಯಿಂದ ಏಳಹೋದೆ.

ಏಳಲಾಗಲಿಲ್ಲ.

ಐವತ್ತನಾಲ್ಕರ ನನ್ನನ್ನು ಎಂಬತ್ತರ ಅತ್ತೆ ಕೈಹಿಡಿದು ಎಬ್ಬಿಸಿದರು.

ಬೇರೆ ಡಾಕ್ಟರ್ ಹತ್ತಿರ ಹೋದೆವು. ಅವರು ಡಯಟೀಷಿಯನ್ ಕಡೆ ಕಳಿಸಿದರು. ಆಕೆ, ಕೈ ಊರದೆ ಕುರ್ಚಿಯಿಂದ ಐದು ಸಲ ಏಳಿ ಎಂದಳು. ಎರಡಕ್ಕೇ ಸುಸ್ತಾದೆ. ಆಮೇಲೆ, ಉಪವಾಸ ಮಾಡುತ್ತೀರಾ ಎಂದು ಕೇಳಿದಳು. ಸೋಮವಾರ, ಸಂಕಷ್ಟಿ, ಏಕಾದಶಿ ಎಂದೆ. ಕಾಯಿಲೆ ವಾಸಿಯಾಗಲೆಂದು ಅತ್ತೆ ಹಿಡಿಸಿದ ಗುರುವಾರ ಬೇರೆ.

ಆಕೆ ಪೆನ್ನು ಕೆಳಗಿಟ್ಟಳು. ಕೆಟ್ಟ ಲಿವರ್ ಉಂಡದ್ದನ್ನು ಸರಿಯಾಗಿ ಕೂಡಿಟ್ಟುಕೊಳ್ಳಲಾರದಂತೆ. ಬಹಳ ಹೊತ್ತು ಹೊಟ್ಟೆ ಖಾಲಿಯಿದ್ದರೆ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದಂತೆ.

ಎರಡು ವರ್ಷ, ಎಷ್ಟೊಂದು ಸ್ಕ್ಯಾನ್, ಎಷ್ಟೊಂದು ಬ್ಲಡ್ ಟೆಸ್ಟ್. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ನನ್ನನ್ನು ಕುಡಿಯುತ್ತೀರಾ ಎಂದು ಕೇಳಿದರು. ನಂಬದೆ ಮತ್ತೆ ಕೇಳಿದರು. ಉಪವಾಸದ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ನನ್ನಂಥ ಹೆಂಗಸರು ವಾರಕ್ಕೆರಡು ದಿನ ಹೊಟ್ಟೆ ಕಟ್ಟಿರುತ್ತಾರೆಂದು ಈ ಊರಿನ ಡಾಕ್ಟರಿಗೆ ಗೊತ್ತಿಲ್ಲವೇ? ಅವರ ಮನೆಯಲ್ಲಿ ತಾಯಿ, ಹೆಂಡತಿ ಇಲ್ಲವೇ? ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಈಗ ಎರಡು ಮೂರು ತಾಸಿಗೊಮ್ಮೆ ಏನಾದರೂ ತಿನ್ನುತ್ತೇನೆ. ಬೇಳೆ, ಮೊಸರು, ಮಲಗುವ ಮುಂಚೆ ಹಾಲು. ತೋಳು ತುಂಬಿಲ್ಲ. ಆದರೆ ಕುರ್ಚಿಯಿಂದ ನಾಲ್ಕು ಸಲ ಏಳುತ್ತೇನೆ.

ಕಷ್ಟವಾದದ್ದು ಅತ್ತೆಗೆ ಹೇಳುವುದು. ಅವರು ಹಿಡಿಸಿದ ವ್ರತ ಬಿಡುತ್ತೇನೆ ಅಂದರೆ ಏನನ್ನುತ್ತಾರೋ ಎಂಬ ಅಂಜಿಕೆ. ಗಂಡನಿಂದ ಹೇಳಿಸಿದೆ. ಮುಂದಿನ ಗುರುವಾರ ಮುಂಜಾನೆ ಅತ್ತೆ ಹೆಸರುಕಾಳಿನ ಉಸುಳಿಯ ತಟ್ಟೆ ತಂದು ನನ್ನ ಮುಂದಿಟ್ಟರು.

"ದೇವರ ಮುಂದ ಹೇಳೀನಿ. ನಿನ್ನ ಉಪಾಸ ಇನ್ನ ನಾ ಮಾಡ್ತೀನಿ. ನೀ ತಿನ್ನವಾ."

ಅವರ ಮೇಲೂ ನನಗೆ ಸಿಟ್ಟಿತ್ತು. ತಟ್ಟೆ ಹತ್ತಿರ ಎಳೆದುಕೊಂಡೆ. ತಿಂದೆ.