ದೊಡ್ಡಮ್ಮ ಆರಿಸಿ ತರುತ್ತಿದ್ದ ಪುಸ್ತಕಗಳು

ಹೊಸ ಪುಸ್ತಕದ ಕಟ್ಟು ಬಿಚ್ಚಿದಾಗ ಮೂಗಿಗೆ ಬಡಿಯುವ ಮಸಿ, ಅಂಟಿನ ವಾಸನೆಯ ಜೊತೆಗೆ ನನಗೆ ಬಿಳಿಗೆರೆಯ ನಮ್ಮ ಮನೆಯ ಕೊಬ್ಬರಿ ಅಟ್ಟದ ವಾಸನೆಯೂ ಬರುತ್ತದೆ. ಓದಿ ಮುಗಿದ ಪುಸ್ತಕಗಳೆಲ್ಲ ಅಲ್ಲೇ ಇರುತ್ತಿದ್ದವು. ತಿಪಟೂರಿನ ನನ್ನ ಓದುವ ಗೆಳತಿಯರು ಐದು ಹೊಸ ಪುಸ್ತಕ ಸೂಚಿಸಲು ಕೇಳಿದ್ದಾರೆ. ಮೇಜಿನ ಮೇಲೆ ಪತ್ತೇದಾರಿ ಕಾದಂಬರಿ, ಹಿಮಾಲಯದ ಪ್ರವಾಸಕಥನ, ತೆಂಗಿನ ರೋಗಗಳ ಬಗ್ಗೆ ರೈತನೊಬ್ಬ ಬರೆದದ್ದು, ತೆಳ್ಳನೆಯ ಕವನ ಸಂಕಲನ, ಇನ್ನೂ ಏನೇನೋ ಬಿದ್ದಿವೆ. ಒಂದನ್ನು ಎತ್ತಿಕೊಳ್ಳುತ್ತೇನೆ, ಇಡುತ್ತೇನೆ, ಕಿಟಕಿಯ ತನಕ ಹೋಗಿ ಬರುತ್ತೇನೆ. ಮೂರು ದಿನದಿಂದ ಇದೇ ಆಗಿದೆ. ದೊಡ್ಡಮ್ಮನಾಗಿದ್ದರೆ ಗಳಿಗೆಯಲ್ಲಿ ಮುಗಿಸುತ್ತಿದ್ದಳು.

ದೊಡ್ಡಮ್ಮ, ನನ್ನಪ್ಪನ ಅಣ್ಣನ ಹೆಂಡತಿ ಪಾರ್ವತಮ್ಮ, ತಿಂಗಳಿಗೊಮ್ಮೆ ಬಸ್ಸು ಹತ್ತಿ ತಿಪಟೂರಿಗೆ ಹೋಗಿ ಹೊಸ ಪುಸ್ತಕ ಕೊಂಡು ತರುತ್ತಿದ್ದಳು. ತುರುವೇಕೆರೆ ದಾಟದ ನನ್ನಮ್ಮನಿಗೆ ಕಾಶಿಯಾತ್ರೆಯ ಅನುಭವ, ನನಗೆ ನಕ್ಷತ್ರಗಳ ಚಿತ್ರಪುಸ್ತಕ, ತಾತನಿಗೆ ಕೊಲೆ ಪತ್ತೆಯ ಕಾದಂಬರಿ. "ಓದೋರ ಮುಖ ನೋಡಿ ಪುಸ್ತಕ ತರ್ಬೇಕು ಕಣೇ," ಅನ್ನುತ್ತಿದ್ದಳು.

ಒಂದು ವರ್ಷ ತೋಟದ ನೀರಿನ ವಿಚಾರಕ್ಕೆ ತಾತನಿಗೂ ಚಿಕ್ಕಪ್ಪನಿಗೂ ಮಾತು ನಿಂತಿತು. ಅಟ್ಟದ ಮೇಲೆ ಕಾಯಿ ತಿರುವಿ ಹಾಕುವಾಗಲೂ ಒಬ್ಬರಿಗೊಬ್ಬರು ಬೆನ್ನು. ಹೇಳಬೇಕಾದ್ದೆಲ್ಲ ನನ್ನ ಮೂಲಕವೇ. ಇಬ್ಬರ ನಡುವೆ ಓಡಾಡಿ ಸಾಕಾಗಿ ಒಂದು ದಿನ ನಾನು ಅತ್ತುಬಿಟ್ಟೆ. ಆ ತಿಂಗಳು ತಂದ ಪತ್ತೇದಾರಿ ಕಾದಂಬರಿಯನ್ನು ದೊಡ್ಡಮ್ಮ ನನ್ನೆದುರೇ ನಡುವಿಗೆ ಸೀಳಿ ಎರಡು ಮಾಡಿದಳು. ಮೊದಲರ್ಧ ತಾತನಿಗೆ, ಉಳಿದರ್ಧ ಚಿಕ್ಕಪ್ಪನಿಗೆ. ನಾಲ್ಕನೇ ದಿನ ತಾತ ಅಟ್ಟದ ಏಣಿ ಹಿಡಿದು, ಮೇಲೆ ನೋಡಿ, "ಲೇ, ಕೊಂದೋನು ಯಾರ್ಲಾ?" ಅಂದರು. ಮೇಲೆ ಕಾಯಿ ತಿರುವುವ ಸದ್ದು ನಿಂತಿತು. ಆಮೇಲೆ ಚಿಕ್ಕಪ್ಪನ ದನಿ: "ಸತ್ತೋನು ಯಾರು ಅಂತ ನೀನ್ ಮೊದ್ಲು ಹೇಳಪ್ಪ." ಅಡುಗೆಮನೆಯಲ್ಲಿ ದೊಡ್ಡಮ್ಮ ಏನೂ ಕೇಳಿಸದವಳಂತೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

ಆ ಮನೆ ಈಗಿಲ್ಲ. ತಾತ, ಚಿಕ್ಕಪ್ಪ, ಅಮ್ಮ, ಒಬ್ಬೊಬ್ಬರೇ ಹೋದರು. ಹೋದ ವರ್ಷ ಮಾಯಸಂದ್ರದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ದೊಡ್ಡಮ್ಮನನ್ನು, "ಓದೋಕೆ ನಿಂಗೇನ್ ತರ್ಲಿ?" ಅಂತ ಕೇಳಿದೆ. "ನನ್ನನ್ನ ಯಾರೂ ಹಂಗೆ ಕೇಳಿರ್ಲಿಲ್ಲ ಕಣೇ," ಅಂದಳು. ಆಮೇಲೆ, "ನಗ್ಸೋ ಅಂಥದ್ದು ಯಾವ್ದಾದ್ರೂ ತಗೊಂಬಾ. ಹೊಸದು."

ಹುಡುಕಿದೆ. ಇದು ಅವಳಿಗೆ ಸಾಲದು, ಇದಕ್ಕಿಂತ ಚೆನ್ನಾಗಿರುವುದು ಸಿಕ್ಕೀತು ಅಂತ ಹದಿನೈದು ದಿನ ಕಳೆದೆ. ಕೊನೆಗೊಂದು ಹಿಡಿದು ಮಾಯಸಂದ್ರದಲ್ಲಿ ಬಸ್ಸಿಳಿದು ಹೋದರೆ ಮನೆ ಮುಂದೆ ಶಾಮಿಯಾನ ಹಾಕಿದ್ದರು.

ಮಣ್ಣು ಮಾಡಿ ಬಂದ ಮೇಲೆ ಜಗುಲಿಯ ಮೂಲೆಯಲ್ಲಿ ಕೂತು ಚೀಲದಿಂದ ಪುಸ್ತಕ ತೆಗೆದೆ. ಎರಡನೇ ಪುಟಕ್ಕೇ ತಡೆಯಲಾರದೆ ನಕ್ಕುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಪುಸ್ತಕ ಮುಚ್ಚಿದೆ. ಇವತ್ತಿನವರೆಗೂ ಮೂರನೇ ಪುಟಕ್ಕೆ ಹೋಗಲು ನನ್ನಿಂದ ಆಗಿಲ್ಲ.